ಮಂಗಟ್ಟೆಯ ಬಾಣಂತನ

ನಮ್ಮ ಕಡೆ ಯಾರಾದರೂ ‘ತೋಟ ನೋಡೋಕೆ ಬನ್ನಿ’ ಎಂದು ಕರೆದರೆ ಹೋದವರು ಏನು ನೋಡಬೇಕು, ನೋಡಿ ಏನು ಹೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಕಾಫಿ ಗಿಡಕ್ಕೆ ಚಿಗುರು ತೆಗೆಸಿದ್ದಾರೆಯೇ, ಮೆಣಸಿನ ಬಳ್ಳಿ ಹಳದಿ ತಿರುಗಿದೆಯೇ, ಕಳೆ ಹೊಡೆಸಿದ್ದಾರೆಯೇ, ಇಷ್ಟೇ. ಎಲ್ಲ ನೋಡಿದ ಮೇಲೆ ‘ಒಳ್ಳೆ ಕ್ಲೀನಾಗಿ ಇಟ್ಕೊಂಡಿದ್ದೀರಿ’ ಎಂದುಬಿಟ್ಟರೆ ತೋಟದವರ ಮುಖ ಅರಳುತ್ತಿತ್ತು, ಒಳಗಿನಿಂದ ಎರಡನೇ ಲೋಟ ಕಾಫಿಯೂ ಬರುತ್ತಿತ್ತು. ಬಣಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ನಾನು ಎಸ್ಟೇಟುಗಳಿಗೆ ಕತ್ತಿ, ಹಗ್ಗ, ಟಾರ್ಪಾಲು, ಬಣ್ಣ ತಲುಪಿಸುತ್ತಾ ಇಂಥ ಕ್ಲೀನಾದ ತೋಟಗಳನ್ನು ಸಾಕುಸಾಕೆನಿಸುವಷ್ಟು ನೋಡಿದ್ದೆ.

ಹೀಗಿರುವಾಗ ತೊಂಬತ್ತರ ದಶಕದ ನಡುವಿನಲ್ಲಿ ಹೊಸದೊಂದು ಶುರುವಾಯಿತು. ಅಲ್ಲೊಬ್ಬರು ಇಲ್ಲೊಬ್ಬರು ತೋಟದವರು ಮನೆಯ ಸುತ್ತಲಿನ ಒಂದಷ್ಟು ಜಾಗಕ್ಕೆ ಕತ್ತಿ ಮುಟ್ಟಿಸದೆ ಬಿಟ್ಟರು. ಬಿಟ್ಟ ಜಾಗಕ್ಕೆ ಹಕ್ಕಿ, ಚಿಟ್ಟೆ, ಕಪ್ಪೆ, ಕಬ್ಬೆಕ್ಕು ಎಲ್ಲ ಬಂದು ಸೇರಿಕೊಂಡವು. ಭಾನುವಾರ ಗೇಟು ತೆರೆದಿಟ್ಟು, ಬಂದವರನ್ನೆಲ್ಲ ಒಳಗೆ ಕರೆದು ಅವನ್ನು ತೋರಿಸತೊಡಗಿದರು. ತಾವು ಏನನ್ನು ಕಡಿಯದೆ ಬಿಟ್ಟಿದ್ದೇವೆ ಎಂದು ಹೆಮ್ಮೆಯಿಂದ ತೋರಿಸುವ ಜನರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕತ್ತಿ ಮಾರಿ ಬದುಕುವವನಿಗೆ ಇದು ಹಿಡಿಸುವುದಾದರೂ ಹೇಗೆ?

ಹಿಡಿಸಿದ್ದು ನನ್ನ ಹೆಂಡತಿಗೆ. ಭಾನುವಾರ ಬಂತೆಂದರೆ ನನ್ನ ಸ್ಕೂಟರಿಗೆ ಬಿಡುವಿಲ್ಲ. ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಅಡ್ಡಾಗೋಣ ಎಂದರೆ ಅವಳು ಆಗಲೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿರುತ್ತಿದ್ದಳು. ‘ಕಾಡು ನೋಡೋದಕ್ಕೆ ಇನ್ನೊಬ್ಬರ ಮನೆಗೆ ಯಾಕೆ ಹೋಗ್ಬೇಕು? ನಮ್ಮ ಬಚ್ಚಲ ಹಿಂದೇನೇ ಇದೆಯಲ್ಲ’ ಎಂದು ನಾನು ಗೊಣಗಿದರೆ, ‘ಅಲ್ಲಿ ಇರೋದು ನೀವು ಎಸೆದ ಡಬ್ಬ’ ಎನ್ನುತ್ತಿದ್ದಳು. ಗೊಣಗುತ್ತಲೇ ಕಿಕ್ ಹೊಡೆಯುತ್ತಿದ್ದೆ.

ಮೊದಲು ಹೋದದ್ದು ಜಾವಳಿ ಕಡೆಯ ಒಂದು ಮನೆಗೆ. ಅಲ್ಲಿನ ಯಜಮಾನರು ನನ್ನ ಅಂಗಡಿಗೆ ಬಂದರೆ ಜೀಪಿನಿಂದ ಇಳಿಯುವವರಲ್ಲ. ಬೇಕಾದದ್ದನ್ನು ತೋಟದ ಲೆಕ್ಕ ಬರೆಯುವ ರೈಟರ್ ಬಂದು ಹೇಳುತ್ತಿದ್ದ, ಅವರು ಗಾಜಿನೊಳಗಿನಿಂದ ತಲೆಯಾಡಿಸುತ್ತಿದ್ದರು. ಅಂಥವರು ಆ ದಿನ ಬಿಳಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ಕೆರೆಯಂಚಿನ ಕೆಸರಿನಲ್ಲಿ ಬೋರಲಾಗಿ ಮಲಗಿ, ಉಗುರಿನಷ್ಟು ಪುಟ್ಟ ಕಪ್ಪೆಯೊಂದನ್ನು ನಮಗೆ ತೋರಿಸಿದರು. ‘ಜೋರಾಗಿ ಉಸಿರು ಬಿಡಬೇಡಿ, ಹಾರಿ ಹೋಗುತ್ತೆ’ ಎಂದರು. ಉಸಿರು ಹಿಡಿದೆ. ಕಪ್ಪೆ ಕತ್ತು ಉಬ್ಬಿಸಿ ಒಮ್ಮೆ ಕೂಗಿತು. ಯಜಮಾನರು ನಮ್ಮತ್ತ ತಿರುಗಿ, ಮೂಗಿಗೆ ಮೆತ್ತಿದ ಕೆಸರನ್ನೂ ಒರೆಸಿಕೊಳ್ಳದೆ ನಕ್ಕರು. ಅವತ್ತಿನಿಂದ ನನಗೆ ಅವರ ಮೇಲೆ ಪ್ರೀತಿಯೇ ಬಂದುಬಿಟ್ಟಿತು, ಸುಳ್ಳೇಕೆ ಹೇಳಲಿ.

ಇನ್ನೊಂದು ಕಳಸದ ದಾರಿಯಲ್ಲಿತ್ತು. ಅಲ್ಲಿನ ಹೆಂಗಸು ಹಿತ್ತಲಿನ ನಿಂಬೆ, ಕರಿಬೇವು ಎಲ್ಲವನ್ನೂ ಚಿಟ್ಟೆಗಳಿಗೆ ಬಿಟ್ಟುಕೊಟ್ಟಿದ್ದರು. ಕರಿಬೇವಿನಲ್ಲಿ ಎಲೆಗಿಂತ ಹುಳುವೇ ಜಾಸ್ತಿ. ‘ಒಗ್ಗರಣೆಗೆ ಏನ್ಮಾಡ್ತೀರಿ?’ ಎಂದು ನನ್ನ ಹೆಂಡತಿ ಕೇಳಿದಳು. ‘ಸಂತೆಯಿಂದ ತರಿಸ್ತೀನಿ. ನಮ್ಮದನ್ನ ಇವು ತಿನ್ಲಿ’ ಎಂದರು ಆಕೆ, ಮನೆಗೆ ಬಂದ ಮೊಮ್ಮಕ್ಕಳ ಬಗ್ಗೆ ಮಾತಾಡುವ ಧಾಟಿಯಲ್ಲಿ. ಹಿತ್ತಲಲ್ಲಿ ಮೂರಾಳೆತ್ತರದ ಕರಿಬೇವು ಇಟ್ಟುಕೊಂಡು ಸಂತೆಯಲ್ಲಿ ಕರಿಬೇವು ಕೊಳ್ಳುವ ಸಂಸಾರವನ್ನು ಕಂಡು ನಾನು ದಾರಿಯುದ್ದಕ್ಕೂ ನಕ್ಕೆ. ಆದರೆ ಆ ಹಿತ್ತಲಿನಲ್ಲಿ ಹಾರುತ್ತಿದ್ದ ಕಪ್ಪು ಚಿಟ್ಟೆಗಳ ಗುಂಪು ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೋಂಸ್ಟೇಗಳು ಬಂದವು, ಬೋರ್ಡುಗಳು ಬಂದವು, ಬೆಂಕಿ ಹಾಕಿ ಕುಣಿಯುವುದೂ ಬಂತು. ಅವುಗಳ ಬಗ್ಗೆ ಮಾತಾಡಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನ ಒಂದು ಮನೆಯ ಕಥೆ. ಆ ಮನೆ ಕೊಟ್ಟಿಗೆಹಾರದಿಂದ ಒಳಗೆ, ಮಣ್ಣು ರಸ್ತೆಯ ಕೊನೆಯಲ್ಲಿತ್ತು. ಗಂಡ ಹೆಂಡತಿ ಇಬ್ಬರೇ. ಒಬ್ಬಳೇ ಮಗಳನ್ನು ಸಕಲೇಶಪುರದ ಕಡೆ ದೊಡ್ಡ ಮನೆತನಕ್ಕೆ ಕೊಟ್ಟಿದ್ದರು. ನನ್ನ ಹೆಂಡತಿ ಮೊದಲ ದಿನವೇ ಆಕೆಯನ್ನು ‘ಅಕ್ಕ’ ಎಂದಳು, ನಾನೂ ‘ಅಕ್ಕ’ ಎಂದೆ. ಅವರ ಗಂಡನನ್ನು ‘ಭಾವ’ ಎನ್ನುವ ಧೈರ್ಯ ಬರಲಿಲ್ಲ, ಆಳುಕಾಳುಗಳೆಲ್ಲ ಕರೆಯುವಂತೆ ‘ಸಾಹುಕಾರ್ರೇ’ ಎಂದೇ ಉಳಿಸಿಕೊಂಡೆ.

ಆ ಮನೆಯ ಪಕ್ಕದಲ್ಲಿ ನಾಲ್ಕೈದು ಎಕರೆ ಜಾಗಕ್ಕೆ ಅಕ್ಕ ಯಾರನ್ನೂ ಕತ್ತಿ ಹಿಡಿದು ಹೋಗಲು ಬಿಡುತ್ತಿರಲಿಲ್ಲ. ಅತ್ತಿ, ಬಸರಿ, ಗೋಣಿ ಮರಗಳು, ಅವುಗಳ ಕೆಳಗೆ ಯಾರೂ ನೆಡದ ಪೊದೆಗಳು, ನಡುವೆ ಒಂದು ಸಣ್ಣ ಹಳ್ಳ. ಬೆಳಗ್ಗೆ ಹೋಗಿ ನಿಂತರೆ ಹಕ್ಕಿಗಳ ಗಲಾಟೆಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಅಕ್ಕ ಹೆಚ್ಚು ಮಾತಿನವರಲ್ಲ. ಕೈ ಹಿಡಿದು ನಿಲ್ಲಿಸಿ, ಗಲ್ಲ ಎತ್ತಿ ಅಲ್ಲಿ ನೋಡು ಎಂದು ಸನ್ನೆ ಮಾಡುತ್ತಿದ್ದರು. ನೋಡಿದರೆ ಅಲ್ಲೊಂದು ಕೆಂಜಳಿಲು ಬಾಲ ಇಳಿಬಿಟ್ಟು ಮಲಗಿರುತ್ತಿತ್ತು. ನಾನು ಹುಟ್ಟಿ ಬೆಳೆದ ಊರಿನಲ್ಲಿ ನನ್ನ ತಲೆಯ ಮೇಲೆ ಇಷ್ಟೆಲ್ಲ ಸಂಸಾರ ನಡೆಯುತ್ತಿತ್ತು ಎಂಬುದನ್ನು ತೋರಿಸಿಕೊಟ್ಟವರು ಅವರು.

ಸಾಹುಕಾರ್ರ ಸ್ವಭಾವ ಬೇರೆ. ಅವರಿಗೆ ಹಕ್ಕಿ ಮುಖ್ಯವಲ್ಲ, ಹಕ್ಕಿ ನೋಡಲು ಬಂದವರು ಮುಖ್ಯ. ಜನ ಬಂದಷ್ಟೂ ಅವರಿಗೆ ಹುರುಪು. ‘ಬನ್ನಿ ಮಾರಾಯ್ರೇ, ಬನ್ನಿ, ಒಳಗೆ ಬನ್ನಿ’ ಎಂಬ ದನಿ ಗೇಟಿನಿಂದಲೇ ಕೇಳುತ್ತಿತ್ತು. ಮೂಡಿಗೆರೆಯಲ್ಲಿ ಯಾರು ಸಿಕ್ಕಿದರೂ, ‘ಭಾನುವಾರ ಬಂದುಬಿಡಿ, ನಮ್ಮನೇಲಿ ಮಂಗಟ್ಟೆ ಇದೆ’ ಎಂದು ಕರೆಯುತ್ತಿದ್ದರು. ಬಂದವರು ಊಟ ಮಾಡದೆ ಹೊರಟರೆ ಎರಡು ದಿನ ಅವರಿಗೆ ಮನಸ್ಸು ಸರಿ ಇರುತ್ತಿರಲಿಲ್ಲವಂತೆ. ಹೆಂಡತಿ ಕಾಡನ್ನು ಕಾಯುವುದು, ಗಂಡ ಆ ಕಾಡಿಗೆ ಊರನ್ನೇ ಕರೆತರುವುದು, ಹೀಗೆ ನಡೆದಿತ್ತು ಅವರ ಸಂಸಾರ.

ಮಂಗಟ್ಟೆಯ ಬಗ್ಗೆ ಒಂದು ಮಾತು ಹೇಳಬೇಕು. ಗಿಡುಗನಷ್ಟು ದೊಡ್ಡ ಬೂದು ಹಕ್ಕಿ, ಬಾಗಿದ ಉದ್ದ ಕೊಕ್ಕು, ಯಾರೋ ಅಣಕಿಸಿ ನಕ್ಕಂಥ ಕೂಗು. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂತು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಆಮೇಲೆ ಮರಿ ದೊಡ್ಡದಾಗುವ ತನಕ ತಾಯಿಗೂ ಮರಿಗೂ ಗಂಡು ತಂದು ಕೊಟ್ಟದ್ದೇ ಅನ್ನ. ಅಕ್ಕನ ಮನೆಯ ಕಾಡುಮಾವಿನ ಮರದಲ್ಲಿ ಅಂಥದೊಂದು ಪೊಟರೆ ಇತ್ತು. ಹಿಂದಿನ ವರ್ಷ ಅದೇ ಪೊಟರೆಯಲ್ಲಿ ಕೂತಿದ್ದ ಹಕ್ಕಿ ಹೊತ್ತಿಗೆ ಮುಂಚೆಯೇ ಗೋಡೆ ಒಡೆದು ಹೊರಗೆ ಬಂದಿತ್ತು. ಮರ ಹತ್ತಿಸಿ ನೋಡಿಸಿದರೆ ಒಳಗೆ ಮರಿ ಸತ್ತುಬಿದ್ದಿತ್ತು.

‘ಜನ ಮರದ ಬುಡದಲ್ಲೇ ನಿಂತಿರ್ತಿದ್ರು. ಗಂಡು ಹೆದರಿ ಹತ್ತಿರ ಬರ್ಲಿಲ್ಲ’ ಎಂದು ಅಕ್ಕ ಮರುವರ್ಷ ನನ್ನ ಹೆಂಡತಿಗೆ ಹೇಳಿದರು. ‘ನಮ್ಮನೆಗೆ ಬಂದವರೆಲ್ಲ ಹೊಟ್ಟೆ ತುಂಬಾ ಉಂಡು ಹೋದ್ರು. ಅದು ಮಾತ್ರ ಮರಿ ಜೊತೆ ಉಪವಾಸ ಇತ್ತು. ಆದ್ರೂ ನೋಡು, ಈ ಸಲ ಮತ್ತೆ ನಂಬಿ ಬಂದಿದೆ.’ ಈ ಸಲ ಮರಿ ಬದುಕದಿದ್ದರೆ ಈ ಹೆಂಗಸಿಗೆ ಆ ಕಾಡಿನ ಕಡೆ ಮುಖ ಹಾಕಲೂ ಆಗುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಹೀಗಾಗಿ ಅವರು ಮರದಿಂದ ದೂರಕ್ಕೆ ಹಗ್ಗ ಕಟ್ಟಿಸಿ, ಪೊದೆಯ ಮರೆಯಲ್ಲಿ ಬೆಂಚು ಹಾಕಿಸಿದ್ದರು. ಹಗ್ಗ ನನ್ನ ಅಂಗಡಿಯದೇ.

ಮಾರ್ಚಿನ ಮಳೆ ಬಿದ್ದು ಕಾಫಿ ಹೂ ಅರಳಿದ ಮೇಲಿನ ಭಾನುವಾರ ಅದು. ಹೂವಿನ ವಾಸನೆಗೆ ಜೇನು ಹುಚ್ಚೆದ್ದು ಹಾರುತ್ತಿತ್ತು. ಹೂ ನೋಡಲು ಬಂದವರು, ಹಕ್ಕಿ ನೋಡಲು ಬಂದವರು, ಸುಮ್ಮನೆ ಊಟಕ್ಕೆ ಬಂದವರು, ಅಂಗಳದ ತುಂಬಾ ಜನ. ಅಕ್ಕ ಅಡುಗೆಮನೆಯಲ್ಲಿ ಕಡುಬು ಬೇಯಿಸುವುದರಲ್ಲಿದ್ದರು. ಬಿಸಿಲು ಏರಿತು. ಸಾಹುಕಾರ್ರು ಸುತ್ತ ನೋಡಿದರು. ಪೊದೆ ಹಿಂದಿನ ಬೆಂಚಿನ ಮೇಲೆ ಬಿಸಿಲು, ಅಂಗಳದಲ್ಲಿ ಬಿಸಿಲು. ತಂಪಾಗಿದ್ದದ್ದು ಕಾಡುಮಾವಿನ ಬುಡ ಒಂದೇ. ನಮ್ಮ ಮಲೆನಾಡಿನವರಿಗೆ ಬಂದವರನ್ನು ಬಿಸಿಲಿನಲ್ಲಿ ಕೂರಿಸಿ ಗೊತ್ತಿಲ್ಲ. ಹಗ್ಗ ಬಿಚ್ಚಿಸಿ, ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ತರಿಸಿ, ಪೊಟರೆಯ ನೇರ ಕೆಳಗೆ ಸಾಲಾಗಿ ಹಾಕಿಸಿದರು. ಜನ ಆರಾಮಾಗಿ ಕಾಲು ಚಾಚಿ ಕೂತರು. ನಾನೂ ಕೂತೆ.

ಸಾಹುಕಾರ್ರು ಮಧ್ಯದಲ್ಲಿ ನಿಂತು, ಹಕ್ಕಿ ಹೇಗೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ಹೇಗೆ ಹಣ್ಣು ತರುತ್ತದೆ ಎಂದು ಗಟ್ಟಿ ದನಿಯಲ್ಲಿ ವಿವರಿಸುತ್ತಿದ್ದರು. ಅದೇ ಹೊತ್ತಿಗೆ ಗಂಡು ಬಂತು. ಕಣದಾಚೆಯ ಸಿಲ್ವರ್ ಓಕ್ ಮರದಲ್ಲಿ ಕೂತು, ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣೊಂದನ್ನು ಹಿಡಿದು, ನಮ್ಮನ್ನು ನೋಡಿತು. ತಲೆ ಆ ಕಡೆ ಓರೆ ಮಾಡಿತು, ಈ ಕಡೆ ಓರೆ ಮಾಡಿತು. ಹಾರಿ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅಲ್ಲೇ ಕೂತಿತು. ‘ನೋಡಿ ನೋಡಿ, ಎಷ್ಟು ಚೆನ್ನಾಗಿ ಪೋಸ್ ಕೊಡ್ತಾ ಇದೆ’ ಎಂದರು ಮೂಡಿಗೆರೆಯಿಂದ ಬಂದಿದ್ದ ದಪ್ಪನೆಯವರೊಬ್ಬರು.

ನಾನು ತಿರುಗಿದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನಿಂದ ಕೈ ಒರೆಸುತ್ತಿದ್ದವರು ಹಾಗೇ ನಿಂತುಬಿಟ್ಟಿದ್ದರು. ಅವರ ಕಣ್ಣು ಕುರ್ಚಿಗಳಿಂದ ಪೊಟರೆಗೆ, ಪೊಟರೆಯಿಂದ ಸಿಲ್ವರ್ ಓಕಿಗೆ ಹೋಯಿತು. ಬೇರೆ ಯಾವ ಸೀಮೆಯಲ್ಲಾದರೂ ‘ದಯವಿಟ್ಟು ಅಲ್ಲಿಂದ ಏಳಿ’ ಎಂದರೆ ಮುಗಿಯಿತು. ನಮ್ಮಲ್ಲಿ ಕೂತ ನೆಂಟರನ್ನು ಏಳಿ ಎನ್ನುವ ಬಾಯಿ ಯಾರಿಗೂ ಇಲ್ಲ. ಹಾಗೆಂದ ಮನೆಯ ಮಾತನ್ನು ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ. ಗಂಡನನ್ನು ನೆಂಟರೆದುರು ಗದರಿಸುವುದಂತೂ ಅಕ್ಕನಿಂದ ಆಗುವ ಕೆಲಸವಲ್ಲ.

ಅಕ್ಕ ಒಂದು ಗಳಿಗೆ ಯೋಚಿಸಿದರು. ಆಮೇಲೆ ನಗುಮುಖ ಮಾಡಿಕೊಂಡು ಅಂಗಳಕ್ಕೆ ಬಂದು, ‘ಎಲೆ ಹಾಕಿದೆ, ಎಲ್ಲರೂ ಕೈ ತೊಳೀರಿ’ ಎಂದರು. ಕೂತವರನ್ನು ಎಬ್ಬಿಸಲು ನಮ್ಮಲ್ಲಿರುವ ಮರ್ಯಾದೆಯ ಮಾತು ಇದೊಂದೇ. ತಿಂಡಿ ತಿಂದು ಇನ್ನೂ ಗಂಟೆಯೂ ಆಗಿರಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಆದರೆ ಎಲೆ ಹಾಕಿದ ಮೇಲೆ ಬೇಡ ಎನ್ನುವುದೂ ನಮ್ಮಲ್ಲಿ ಇಲ್ಲ. ಎಲ್ಲರೂ ಎದ್ದು ಒಳಗೆ ಹೋಗಿ ಕಡುಬು, ಕೋಳಿಸಾರಿಗೆ ಕೂತೆವು. ಬಡಿಸುತ್ತಾ ಬಡಿಸುತ್ತಾ ಅಕ್ಕ ಕಿಟಕಿಯ ಹತ್ತಿರ ನಿಂತರು. ನನ್ನ ಎಲೆಯ ಮುಂದಿನಿಂದಲೂ ಮರ ಕಾಣುತ್ತಿತ್ತು. ಗಂಡು ಹಾರಿ ಬಂದು ಪೊಟರೆಯ ಸೀಳಿಗೆ ಒರಗಿ, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಒಳಗೆ ಕೊಡುತ್ತಿತ್ತು. ಒಳಗಿನಿಂದ ಒಂದು ಕೊಕ್ಕಿನ ತುದಿ ಬಂದು ತೆಗೆದುಕೊಳ್ಳುತ್ತಿತ್ತು. ಅಕ್ಕ ಸಾರಿನ ಸೌಟನ್ನು ಹಿಡಿದುಕೊಂಡೇ ಕಣ್ಣು ಮುಚ್ಚಿ ಉಸಿರು ಬಿಟ್ಟರು.

ಉಂಡವರು ಏನು ಮಾಡುತ್ತಾರೆ? ಎಲೆಯಡಿಕೆ ಹಾಕಿಕೊಳ್ಳಲು ಮೊದಲಿನ ಕುರ್ಚಿಗೇ ಹೋಗುತ್ತಾರೆ. ಎಲ್ಲರೂ ಹೋಗಿ ಮತ್ತೆ ಮರದ ಬುಡದಲ್ಲಿ ಕೂತರು. ಗಂಡು ಮತ್ತೆ ಬಂದು ಸಿಲ್ವರ್ ಓಕಿನಲ್ಲಿ ಕೂತಿತು. ಅಕ್ಕ ಮತ್ತೆ ಹೊರಗೆ ಬಂದರು. ‘ಅಯ್ಯೋ, ಪಾಯಸ ಬಡಿಸೋದೇ ಮರೆತೆ. ಬನ್ನಿ, ಬಿಸಿ ಇರುವಾಗ್ಲೇ ಕುಡೀಬೇಕು.’ ಜನ ಎದ್ದರು, ಪಾಯಸ ಕುಡಿದರು, ತಿರುಗಿ ಬಂದು ಕೂತರು. ಮೂರನೇ ಸಲ ಹಲಸಿನಕಾಯಿ ಹಪ್ಪಳ, ಕಾಫಿ. ಮೂಡಿಗೆರೆಯ ದಪ್ಪನೆಯವರು ಬೆಲ್ಟು ಸಡಿಲಿಸಿಕೊಂಡು, ‘ಇಂಥ ಉಪಚಾರ ನಾನು ಎಲ್ಲೂ ಕಂಡಿಲ್ಲ’ ಎಂದು ಏದುಸಿರು ಬಿಡುತ್ತಾ ಒಳಗೆ ಹೋದರು. ಸಾಹುಕಾರ್ರಿಗೆ ಸಂತೋಷವೋ ಸಂತೋಷ. ಹೆಂಡತಿ ಇಷ್ಟು ಉಮೇದಿನಿಂದ ನೆಂಟರ ಹಿಂದೆ ಬಿದ್ದದ್ದನ್ನು ಅವರು ಮದುವೆಯಾದಾಗಿನಿಂದ ನೋಡಿರಲಿಲ್ಲವೇನೋ.

ಗುಟ್ಟು ಮೊದಲು ಹೊಳೆದದ್ದು ನನ್ನ ಹೆಂಡತಿಗೆ. ‘ಹಪ್ಪಳ ಆಮೇಲೆ ತಿನ್ನಿ, ಕುರ್ಚಿ ಹಿಡೀರಿ’ ಎಂದು ನನ್ನ ತೋಳು ಎಳೆದಳು. ಒಳಗೆ ಎಲ್ಲರೂ ಕಾಫಿ ಕುಡಿಯುತ್ತಿರುವಾಗ ನಾವಿಬ್ಬರೂ ಕುರ್ಚಿಗಳನ್ನೆಲ್ಲ ಹೊತ್ತು ಮನೆಯ ಇನ್ನೊಂದು ಪಕ್ಕದ, ಅಷ್ಟು ಹೊತ್ತಿಗೆ ನೆರಳು ಬಿದ್ದಿದ್ದ ಜಗಲಿಗೆ ಸಾಗಿಸಿದೆವು. ಹೊರಗೆ ಬಂದ ಜನ ಕುರ್ಚಿ ಕಂಡಲ್ಲಿಗೆ ಹೋಗಿ ಕೂತರು, ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಅಕ್ಕ ನಮ್ಮ ಕಡೆ ಒಂದು ಸಲ ನೋಡಿದರು. ಬೆನ್ನು ಹಿಡಿದುಕೊಂಡಿದ್ದರೂ ಆ ನೋಟಕ್ಕಾಗಿ ಇನ್ನೊಂದು ಸಲ ಕುರ್ಚಿ ಹೊರಲು ನಾನು ತಯಾರಿದ್ದೆ. ಸಂಸಾರಸ್ಥರ ಮನೆಯಲ್ಲಿ ಯಾರ ಮುಖವನ್ನೂ ಮುರಿಯದೆ, ಒಂದು ಸಿಟ್ಟಿನ ಮಾತೂ ಆಡದೆ, ಬರೀ ಸೌಟು ಹಿಡಿದು ಒಂದು ಹಕ್ಕಿಯ ಹೊಟ್ಟೆ ತುಂಬಿಸಿದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ನಾವಿಬ್ಬರು ಬಿಟ್ಟು ಉಳಿದವರೆಲ್ಲ ಹೋದ ಮೇಲೆ ಅಕ್ಕ ಗಂಡನ ಹತ್ತಿರ ನಡೆದದ್ದನ್ನು ಹೇಳಿದರು. ಸಾಹುಕಾರ್ರ ನಗು ಇಳಿದುಹೋಯಿತು. ಅವರು ಜಗಲಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ಮರ ನೋಡಿದರು.

‘ಇನ್ನು ಮರಿ ಹೊರಗೆ ಬರೋ ತನಕ ಗೇಟು ಹಾಕ್ಲೇಬೇಕು ಇವ್ರೇ’ ಎಂದರು ಅಕ್ಕ.

‘ಗೇಟು ಹಾಕೋದಾ? ನಮ್ಮಪ್ಪನ ಕಾಲದಿಂದ ಈ ಮನೆ ಗೇಟು ಹಾಕಿದ್ದೇ ಇಲ್ವಲ್ಲೇ. ಬಂದವರಿಗೆ ಏನಂತ ಹೇಳೋದು? ಹೋಗಿ ಅನ್ನೋದಾ?’ ಆ ‘ಹೋಗಿ’ ಎಂಬ ಮಾತು ಅವರ ಬಾಯಿಂದ ಸರಿಯಾಗಿ ಹೊರಡಲೂ ಇಲ್ಲ. ಅಕ್ಕನಿಗೆ ಗಂಡನ ಕಷ್ಟವೂ ಗೊತ್ತಿತ್ತು.

ಆಗ ನನ್ನ ಹೆಂಡತಿ, ‘ಬಾಣಂತಿ ಮನೆ ಅಂತ ಹೇಳಿ ಸಾಹುಕಾರ್ರೇ. ಸುಳ್ಳೇನಲ್ವಲ್ಲ’ ಎಂದಳು. ಎಲ್ಲರೂ ಅವಳ ಮುಖ ನೋಡಿದೆವು. ಬಾಣಂತಿ ಇರುವ ಮನೆಗೆ ಬಂದವರು ಒಳಗೆ ನುಗ್ಗುವುದಿಲ್ಲ. ಹೊಸಿಲಿನಾಚೆ ನಿಂತು, ತಾಯಿ ಮಗು ಹೇಗಿದ್ದಾರೆ ಎಂದು ವಿಚಾರಿಸಿ, ತಂದದ್ದನ್ನು ಯಾರದಾದರೂ ಕೈಯಲ್ಲಿಟ್ಟು ಹೋಗುತ್ತಾರೆ. ಯಾರಿಗೂ ಬೇಜಾರಿಲ್ಲ, ಯಾರ ಮರ್ಯಾದೆಗೂ ಕುಂದಿಲ್ಲ. ಸಾಹುಕಾರ್ರು ತೊಡೆ ತಟ್ಟಿ ಎದ್ದುನಿಂತರು. ಮಾರನೇ ದಿನವೇ ನಾನು ಅಂಗಡಿಯಿಂದ ತಗಡು ತಂದು, ಹಸಿರು ಬಣ್ಣ ಹೊಡೆದು, ಬಿಳಿ ಅಕ್ಷರದಲ್ಲಿ ಬರೆದುಕೊಟ್ಟೆ: ‘ಮರದಲ್ಲಿ ಮಂಗಟ್ಟೆ ಬಾಣಂತನ. ಮರಿ ಹೊರಗೆ ಬಂದ ಮೇಲೆ ಎಲ್ಲರೂ ಊಟಕ್ಕೆ ಬನ್ನಿ.’ ಊಟದ ಮಾತನ್ನು ಸೇರಿಸಿದವರು ಸಾಹುಕಾರ್ರು.

ಆ ಬೋರ್ಡು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಹೊಸದೊಂದು ತಾಪತ್ರಯ ಶುರುವಾಯಿತು. ಬಾಣಂತಿ ಮನೆಗೆ ಬರಿಗೈಯಲ್ಲಿ ಬಂದು ಅಭ್ಯಾಸವಿಲ್ಲದ ನಮ್ಮ ಜನ ಗೇಟಿನ ಹತ್ತಿರ ಬಾಳೆಗೊನೆ, ಪರಂಗಿಹಣ್ಣು ಇಟ್ಟು ಹೋಗತೊಡಗಿದರು. ಬಣಕಲ್‌ನ ಅಜ್ಜಿಯೊಬ್ಬರು ಒಣಶುಂಠಿ, ಬೆಲ್ಲ, ತುಪ್ಪ ಹಾಕಿ ಕುದಿಸಿದ ಬಾಣಂತಿ ಲೇಹ್ಯವನ್ನೇ ಡಬ್ಬಿಯಲ್ಲಿ ಕಳಿಸಿದ್ದರು. ಹಕ್ಕಿಗೆಂದು ಹೇಳಿಯೇ ಕಳಿಸಿದ್ದು. ಹಣ್ಣಿನ ವಾಸನೆಗೆ ಮಂಗಗಳ ಹಿಂಡು ಬಂದು ಗೇಟಿನ ಮೇಲೆ ಕೂತಿತು. ಸಾಹುಕಾರ್ರು ದಿನಾ ಬೆಳಗ್ಗೆ ಕೋಲು ಹಿಡಿದು ಅವುಗಳನ್ನು ಅಟ್ಟಿ, ಹಣ್ಣನ್ನು ಆಳುಗಳ ಲೈನಿನ ಮನೆಗಳಿಗೆ ಹಂಚಿ ಬರುತ್ತಿದ್ದರು. ಲೇಹ್ಯ ಏನಾಯಿತು ಎಂದು ಕೇಳಿದ್ದಕ್ಕೆ, ‘ವೇಸ್ಟ್ ಯಾಕೆ ಮಾಡೋದು ಮಾರಾಯ್ರೇ, ಮಂಡಿನೋವಿಗೆ ಒಳ್ಳೇದು’ ಎಂದರು.

ನಗುತ್ತಿದ್ದರೂ ಅವರು ಸೊರಗಿದ್ದು ನನಗೆ ಕಾಣುತ್ತಿತ್ತು. ಭಾನುವಾರ ಅವರ ಜಗಲಿ ಖಾಲಿ. ಬಂದು ಹೋಗುವ ಜೀಪಿನ ಸದ್ದು ಕೇಳಿದರೆ ಗೇಟಿನ ತನಕ ಓಡಿ, ಹೊರಗಡೆಯೇ ನಿಂತು ನಾಲ್ಕು ಮಾತಾಡಿ, ಹೋದವರ ಹಿಂದೆ ನೋಡುತ್ತಾ ನಿಲ್ಲುತ್ತಿದ್ದರು. ಅಕ್ಕ ಅತ್ತ ಪೊದೆಯ ಮರೆಯಲ್ಲಿ ಕೂತು ಗಂಡು ಹಕ್ಕಿ ಬಂದು ಹೋಗುವುದನ್ನು ಕಾಯುತ್ತಿದ್ದರು. ಒಳಗಿನಿಂದ ಮರಿಯ ಕೀರಲು ದನಿ ಕೇಳಿಸಿದೆ ಎಂದು ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದ್ದರು. ಇನ್ನು ಕೆಲವೇ ವಾರ ಎಂದಿದ್ದರು.

ಏಪ್ರಿಲ್ ಕೊನೆಯ ಹೊತ್ತಿಗೆ ಇರಬೇಕು, ಕೊಟ್ಟಿಗೆಹಾರದಲ್ಲಿ ಸಾಮಾನು ಇಳಿಸಿ, ನೀರುದೋಸೆ ತಿನ್ನೋಣವೆಂದು ಹೋಟೆಲಿಗೆ ಹೋಗಿ ಕೂತಿದ್ದೆ. ಹೊರಗೆ ಎರಡು ಕಾರು ಬಂದು ನಿಂತವು. ಮೊದಲು ಇಳಿದವರು ನಮ್ಮ ಸಾಹುಕಾರ್ರು. ಅವರ ಹಿಂದೆ ಜರಿ ಸೀರೆಯ ಹೆಂಗಸರು, ಗಂಭೀರ ಮುಖದ ಹಿರಿಯರೊಬ್ಬರು, ಮತ್ತೆ ನಾಲ್ಕಾರು ಜನ. ನಾನು ದೋಸೆ ಬಾಯಿಗೆ ಇಡುವುದನ್ನು ಮರೆತೆ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಸಾಹುಕಾರ್ರು! ಧರ್ಮಸ್ಥಳಕ್ಕೆ ಹೋಗುವಾಗಲೂ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗುವ ಮನುಷ್ಯ. ಆ ಹಿರಿಯರು ಯಾರೆಂದು ಗೊತ್ತಾದಾಗ ನನಗೆ ಇನ್ನೂ ಗಾಬರಿಯಾಯಿತು. ಅವರು ಬೀಗರು, ಮಗಳನ್ನು ಕೊಟ್ಟ ಮನೆಯವರು.

ನಮ್ಮಲ್ಲಿ ಬೀಗರು ಬಂದರೆ ಮನೆಯಲ್ಲಿ ಹಬ್ಬದ ಅಡುಗೆ ಆಗಬೇಕು. ಕಾಲಿಗೆ ನೀರು ಕೊಡುವುದರಿಂದ ಹಿಡಿದು ಹೊರಡುವಾಗ ಕುಂಕುಮ ಕೊಡುವವರೆಗೆ ಒಂದೂ ತಪ್ಪಬಾರದು. ತಪ್ಪಿದರೆ ಅದರ ಬಿಸಿ ತಾಗುವುದು ಅಲ್ಲಿರುವ ಮಗಳಿಗೆ. ಅಂಥವರನ್ನು ಸಾಹುಕಾರ್ರು ಬಸ್ಸಿನ ಜನದ ನಡುವೆ ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, ತಾವೇ ಓಡಾಡಿ ಚಟ್ನಿ ಹಾಕಿಸುತ್ತಿದ್ದರು. ಹಿರಿಯರು ದೋಸೆಯನ್ನು ತುದಿಬೆರಳಿನಿಂದ ಮುರಿಯುತ್ತಿದ್ದರು. ಹೆಂಗಸರು ಜರಿ ಸೀರೆ ಬೆಂಚಿಗೆ ತಾಗದಂತೆ ಎತ್ತಿ ಹಿಡಿದಿದ್ದರು.

ಕೈ ತೊಳೆಯುವ ನಲ್ಲಿಯ ಹತ್ತಿರ ಸಾಹುಕಾರ್ರು ನನಗೆ ಸಿಕ್ಕಿದರು. ಹಣೆಯಲ್ಲಿ ಬೆವರು.

‘ಹೇಳದೆ ಕೇಳದೆ ಬಂದ್ಬಿಟ್ರು ಮಾರಾಯ್ರೇ, ಜೊತೆಗೆ ಅವರ ನೆಂಟರನ್ನೂ ಕಟ್ಕೊಂಡು. ಹಕ್ಕಿ ನೋಡ್ಬೇಕಂತೆ. ಬೀಗರು ಬೋರ್ಡು ನೋಡಿ ನಿಲ್ತಾರಾ? ನಾನೇ ಗೇಟಿನ ಹತ್ರ ಕೈ ಮುಗಿದು ನಿಲ್ಸಿದೆ.’

‘ಮನೆ ಒಳಗಾದ್ರೂ ಕೂರಿಸಬಹುದಿತ್ತಲ್ಲ ಸಾಹುಕಾರ್ರೇ?’

‘ಒಳಗೆ ಬಿಟ್ರೆ ಬೀಗರಿಗೆ ಹಕ್ಕಿ ತೋರಿಸಲ್ಲ ಅನ್ನೋಕಾಗುತ್ತಾ? ನನ್ನ ಬಾಯಿ ನಂಗೆ ಗೊತ್ತಿಲ್ವಾ, ನಾನೇ ಕರ್ಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸ್ತಿದ್ದೆ.’ ಅವರು ಮುಖಕ್ಕೆ ನೀರು ಎರಚಿಕೊಂಡರು. ‘ಹೋದ ವರ್ಷ ಆ ಮರಿ ಸತ್ತಾಗ ಇವಳು ನನ್ನ ಮೇಲೆ ಒಂದು ಮಾತೂ ಆಡ್ಲಿಲ್ಲ ಕಣ್ರೀ. ಬೈದಿದ್ರೆ ಚೆನ್ನಾಗಿತ್ತು. ಮೂವತ್ತು ವರ್ಷದಿಂದ ನಾನು ಕರೆದವರಿಗೆಲ್ಲ ಬೇಯಿಸಿ ಹಾಕಿದಾಳೆ. ಅವಳು ನನ್ನ ಹತ್ರ ಕೇಳಿದ್ದು ಇದೊಂದೇ.’

ನಾನು ಟವೆಲ್ ಕೊಟ್ಟೆ. ಅವರು ಮುಖ ಒರೆಸಿಕೊಂಡು, ಮತ್ತೆ ತಮ್ಮ ದೊಡ್ಡ ನಗುವನ್ನು ತಂದುಕೊಂಡು, ‘ಇನ್ನೊಂದು ದೋಸೆ ಹಾಕಿಸ್ಕೊಳ್ಳಿ ಬೀಗರೇ’ ಎನ್ನುತ್ತಾ ಒಳಗೆ ಹೋದರು. ಬೀಗರು ಬೇಡ ಎಂದು ಕೈ ಅಡ್ಡ ಹಿಡಿದರು. ಅವರ ಕಾರುಗಳು ಹೊರಟ ಮೇಲೂ ಸಾಹುಕಾರ್ರು ರಸ್ತೆಯ ಬದಿಯಲ್ಲಿ ನಿಂತೇ ಇದ್ದರು. ಆ ಮನುಷ್ಯನ ಬಗ್ಗೆ ಅದುವರೆಗೆ ನನಗಿದ್ದದ್ದು ಸಲಿಗೆ, ಸ್ವಲ್ಪ ತಮಾಷೆ. ಅವತ್ತು ಎದ್ದು ಹೋಗಿ ಕಾಲು ಮುಟ್ಟಬೇಕೆನಿಸಿತು.

ಮೇ ತಿಂಗಳ ಒಂದು ಬೆಳಗ್ಗೆ, ಅಂಗಡಿಯ ಬಾಗಿಲು ತೆಗೆದು ಇನ್ನೂ ಕಸ ಗುಡಿಸುತ್ತಿದ್ದೆ, ಫೋನ್ ಬಡಿದುಕೊಂಡಿತು. ಸಾಹುಕಾರ್ರು. ಆ ಗಂಟಲಿಗೆ ಫೋನ್ ಬೇಕೇ ಇರಲಿಲ್ಲ, ಕೊಟ್ಟಿಗೆಹಾರದಿಂದ ನೇರವಾಗಿಯೇ ಕೇಳಿಸುತ್ತಿತ್ತು.

‘ಬಂತು ಮಾರಾಯ್ರೇ! ಗೋಡೆ ಒಡ್ಕೊಂಡು ತಾಯಿ ಬಂತು, ಹಿಂದೇನೇ ಮರಿ. ಅತ್ತಿಮರದಲ್ಲಿ ಕೂತಿದಾವೆ ಮೂರೂ. ಮರಿಗೆ ಇನ್ನೂ ಸರಿಯಾಗಿ ಹಾರೋಕೆ ಬರಲ್ಲ, ಬೀಳ್ತೀನೋ ಏನೋ ಅಂತ ಕೊಂಬೆ ಗಟ್ಟಿಯಾಗಿ ಹಿಡ್ಕೊಂಡಿದೆ.’

‘ಅಕ್ಕ ಏನಂದ್ರು?’ ಎಂದು ಕೇಳಿದೆ.

ಅಷ್ಟು ದೊಡ್ಡ ಗಂಟಲು ಇಷ್ಟು ಸಣ್ಣದಾದದ್ದನ್ನು ನಾನು ಮೊದಲ ಸಲ ಕೇಳಿದೆ.

‘ಮೊದ್ಲು ಬೀಗರಿಗೆ ಫೋನ್ ಮಾಡಿ ಅಂದ್ಲು. ಈ ಭಾನುವಾರ ಅವರ ನೆಂಟರನ್ನೆಲ್ಲ ಕರ್ಕೊಂಡು ಬರ್ಲಿ, ನಾನೇ ನಿಂತು ಬಡಿಸ್ತೀನಿ ಅಂದ್ಲು.’